ಇಂಗ್ಲಿಷಿನಲ್ಲಿ ‘ಕ್ಯೂ’ ಆದಮೇಲೆ ‘ಯು’ ಬರದ ಪದಗಳಿವೆಯಾ?

ಇವೆ. ಶಿವಮೊಗ್ಗದ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ ‘ಕ್ಯೂ ಬಂದರೆ ಯು ಬರಲೇಬೇಕು’ ಅನ್ನೋದು ಹೆಚ್ಚಿನ ಪದಗಳಿಗೆ ಸರಿ. ಹೊರಗಿನ ಭಾಷೆಗಳಿಂದ ಬಂದವು ಮಾತ್ರ ಆ ಮಾತು ಕೇಳುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಅರಬ್ಬಿಯಿಂದ ಬಂದ ‘ಕನಾತ್’: ಕ್ಯೂ, ಎ, ಎನ್, ಎ, ಟಿ. ಗುಡ್ಡದ ಬುಡದ ಅಂತರ್ಜಲವನ್ನು ಇಳಿಜಾರಿನಲ್ಲೇ ಊರಿಗೆ ಹರಿಸುವ ನೆಲದಡಿಯ ಕಾಲುವೆ. ಪಂಪ್ ಬೇಡ. ಗಾಳಿಯಾಡಲು, ಹೂಳು ತೆಗೆಯಲು ನಡುನಡುವೆ ಬಾವಿಯಂಥ ಗುಂಡಿಗಳಿರುತ್ತವೆ. ಇರಾನಿನಲ್ಲಿ ಇವು ಹೇರಳ. ನಮ್ಮ ಬೀದರಿನ ಕರೇಜ್ ಕೂಡ ಇದೇ. ಆಗುಂಬೆಯವರಿಗೆ ಇದರ ಗೊಡವೆಯೇ ಇಲ್ಲ ಬಿಡಿ!

‘ಕಿಂಟಾರ್’ ಅಲ್ಬೇನಿಯಾದಲ್ಲಿ ಹಿಂದೆ ಓಡಾಡುತ್ತಿದ್ದ ಚಿಲ್ಲರೆ ಹಣ, 100 ಸೇರಿದರೆ ಅಲ್ಲಿನ ಒಂದು ಲೆಕ್. ‘ಚಿ’ ಅಂದರೆ ಚೀನೀಯರು ಹೇಳುವ ಪ್ರಾಣಶಕ್ತಿ. ಬರೆಯುವುದು ಕ್ಯೂ, ಐ ಎರಡೇ ಅಕ್ಷರ. ಅಕ್ಷರ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಆಡುವವರು ಇದನ್ನು ಬಿಡುವುದಿಲ್ಲ, ಕ್ಯೂ ಒಂದಕ್ಕೇ 10 ಅಂಕ ಅಲ್ವಾ!