ಮುಂದಿನ ವಾರ ಅಕೌಂಟ್ಸ್ ಇಂಟರ್‌ವ್ಯೂ ಇದೆ, ಇಂಗ್ಲಿಷ್ ಅಂದ್ರೆ ಭಯ. ಹೇಗೆ ತಯಾರಾಗಲಿ?

ನಿಮ್ಮ ಪ್ರಶ್ನೆ ಓದಿದೆ. ತುಮಕೂರಿನಲ್ಲಿ ಬಿ.ಕಾಂ ಮುಗಿಸಿದ್ದೀರಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ಪೇಯಬಲ್ ಕೆಲಸಕ್ಕೆ, ಅಂದರೆ ವೆಂಡರ್‌ಗಳ (ಸರಕು ಪೂರೈಸುವವರ) ಬಿಲ್ ನೋಡಿ ದುಡ್ಡು ಕೊಡುವ ಕೆಲಸಕ್ಕೆ, ಕರೆದಿದ್ದಾರೆ. ಒಂದು ವಾರದಲ್ಲಿ ಇಂಗ್ಲಿಷ್ ಸರಿಮಾಡಿಕೊಳ್ಳೋದು ಹೇಗೆ ಎಂದು ಕೇಳಿದ್ದೀರಿ.

ನಾನು ಬೆಂಗಳೂರಿನಲ್ಲಿ ಇಂಥದ್ದೇ ಟೀಮ್‌ನಲ್ಲಿದ್ದೇನೆ, ಫ್ರೆಶರ್‌ಗಳ ಇಂಟರ್‌ವ್ಯೂ ಕೂಡ ಮಾಡುತ್ತೇನೆ. ಒಂದು ವಾರದಲ್ಲಿ ಇಂಗ್ಲಿಷ್ ಬದಲಾಗಲ್ಲ. ಆ ವಾರವನ್ನು ಅಕೌಂಟ್ಸ್‌ಗೇ ಕೊಡಿ. ಓದೋದಕ್ಕಲ್ಲ, ಬಾಯಿಬಿಟ್ಟು ಹೇಳೋದಕ್ಕೆ. ಬಹಳ ಜನ ತಡವರಿಸುವುದು ಭಾಷೆಯಿಂದಷ್ಟೇ ಅಲ್ಲ. ಪರೀಕ್ಷೆಗೆ ಬರೆದದ್ದನ್ನು ಒಂದು ಸಲವೂ ಇನ್ನೊಬ್ಬರಿಗೆ ಹೇಳಿ ನೋಡಿರುವುದಿಲ್ಲ. ಕನ್ನಡದಲ್ಲೇ ಕೇಳಿದರೂ ಅಲ್ಲೇ ನಿಲ್ಲುತ್ತಾರೆ.

ಅದಕ್ಕೇ ಮೊದಲು ಕನ್ನಡದಲ್ಲೇ ಹೇಳಿ. ಮನೆಯಲ್ಲಿ ಯಾರನ್ನಾದರೂ ಎದುರು ಕೂರಿಸಿಕೊಳ್ಳಿ. ವಿಷಯ ನಿಮಗೆ ಬಾಯಲ್ಲಿ ಸಲೀಸಾದ ಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ. ಇನ್‌ವಾಯ್ಸ್, ಡೆಬಿಟ್, ಕ್ರೆಡಿಟ್, ವೆಂಡರ್, ಪೇಮೆಂಟ್ ಎಲ್ಲ ನಿಮಗೆ ಬರುವ ಪದಗಳೇ ಅಲ್ವಾ?

ಈ ಕೆಲಸಕ್ಕೆ ಖಂಡಿತ ಗೊತ್ತಿರಬೇಕಾದದ್ದು ಥ್ರೀ ವೇ ಮ್ಯಾಚ್. ನಾವು ಕೊಟ್ಟ ಪರ್ಚೇಸ್ ಆರ್ಡರ್, ಸರಕು ಬಂದಾಗ ಗೋಡೌನಿನವರು ಮಾಡಿದ ರಸೀದಿ, ವೆಂಡರ್ ಕಳಿಸಿದ ಇನ್‌ವಾಯ್ಸ್. ಈ ಮೂರೂ ತಾಳೆಯಾದರೆ ಮಾತ್ರ ದುಡ್ಡು ಹೋಗಬೇಕು. ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ನೂರು ಪೀಸಿಗೆ ಆರ್ಡರ್ ಕೊಟ್ಟಿದ್ದೀರಿ, ಬಂದದ್ದು ತೊಂಬತ್ತು, ಬಿಲ್ ನೂರಕ್ಕೇ ಇದೆ. ಏನು ಮಾಡುತ್ತೀರಿ? ಪೂರ್ತಿ ಬಿಲ್ ಪಾಸ್ ಮಾಡಲ್ಲ, ತಡೆಹಿಡಿಯುತ್ತೇನೆ, ಸರಕು ತೆಗೆದುಕೊಂಡವರನ್ನು ವಿಚಾರಿಸುತ್ತೇನೆ, ಕೊರತೆ ನಿಜವಾದರೆ ವೆಂಡರ್‌ನಿಂದ ಹತ್ತು ಪೀಸಿಗೆ ಕ್ರೆಡಿಟ್ ನೋಟ್ (ಬಿಲ್‌ನಲ್ಲಿ ಅಷ್ಟು ಮೊತ್ತ ಕಡಿಮೆ ಮಾಡಿ ಕೊಡುವ ಪತ್ರ) ಕೇಳುತ್ತೇನೆ ಎನ್ನಿ. ಹೀಗೆ ಉತ್ತರ ಕೊಟ್ಟವರ ವ್ಯಾಕರಣವನ್ನು ನಾನಂತೂ ಎಣಿಸುತ್ತಾ ಕೂರಲ್ಲ.

ಜಿಎಸ್‌ಟಿಯನ್ನು ಊರಿನ ಹೆಸರುಗಳಿಂದಲೇ ಕಲಿಯಿರಿ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಪೀಣ್ಯದ ವೆಂಡರ್‌ನಿಂದ ಒಂದು ಲಕ್ಷದ ಬಿಡಿಭಾಗ ತರಿಸಿತು, ತೆರಿಗೆ ಶೇ 18 ಎಂದುಕೊಳ್ಳಿ. ಇಬ್ಬರೂ ಕರ್ನಾಟಕದವರು. ಕೇಂದ್ರದ ಪಾಲು ಸಿಜಿಎಸ್‌ಟಿ 9,000, ರಾಜ್ಯದ ಪಾಲು ಎಸ್‌ಜಿಎಸ್‌ಟಿ 9,000. ಅದೇ ಮಾಲು ಹೊಸೂರಿನಿಂದ ಬಂದರೆ? ಹೊಸೂರು ಹತ್ತಿರವೇ ಇದ್ದರೂ ತಮಿಳುನಾಡು. ಬೇರೆ ರಾಜ್ಯದಿಂದ ಬಂದದ್ದಕ್ಕೆ ಒಂದೇ ತೆರಿಗೆ, ಐಜಿಎಸ್‌ಟಿ 18,000. ಎರಡಕ್ಕೂ ಜರ್ನಲ್ ಎಂಟ್ರಿ ಹೇಳಿ ನೋಡಿ: ಪರ್ಚೇಸ್ ಮತ್ತು ಇನ್‌ಪುಟ್ ತೆರಿಗೆ (ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿ) ಡೆಬಿಟ್, ವೆಂಡರ್‌ಗೆ 1,18,000 ಕ್ರೆಡಿಟ್. ತೆರಿಗೆಯನ್ನು ಪರ್ಚೇಸ್‌ಗೇ ಸೇರಿಸಿಬಿಡುವವರು ಜಾಸ್ತಿ. ಇನ್‌ಪುಟ್ ಕ್ರೆಡಿಟ್ ಸಿಗುವಾಗ, ಅಂದರೆ ಆ ತೆರಿಗೆಯನ್ನು ಕಂಪನಿ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದಾದಾಗ, ಅದು ಖರ್ಚಲ್ಲ, ಯಾಕೆ ಅಲ್ಲ ಎಂದು ಎರಡು ವಾಕ್ಯದಲ್ಲಿ ಹೇಳಲು ಬರಬೇಕು. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ (ವೆಂಡರ್‌ಗೆ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಲೆಕ್ಕ ಹಾಕುವುದು ಜಿಎಸ್‌ಟಿ ಬಿಟ್ಟು ಉಳಿದ ಮೊತ್ತದ ಮೇಲೆ. ಇದನ್ನೂ ನೆನಪಿಡಿ.

ಎಕ್ಸೆಲ್ ಬರುತ್ತದೆ ಎಂದು ರೆಸ್ಯೂಮೆಯಲ್ಲಿ ಬರೆದಿದ್ದರೆ ಲ್ಯಾಪ್‌ಟಾಪ್ ಮುಂದಿಟ್ಟು ಮಾಡಿ ತೋರಿಸಿ ಎನ್ನಬಹುದು. ವಿ ಲುಕಪ್ (ಪಟ್ಟಿಯಲ್ಲಿ ಒಂದನ್ನು ಹುಡುಕಿ ಅದೇ ಸಾಲಿನ ಮಾಹಿತಿ ತರುವ ಫಾರ್ಮುಲಾ) ಮತ್ತು ಪಿವೋಟ್ ಟೇಬಲ್ (ದೊಡ್ಡ ಪಟ್ಟಿಯನ್ನು ಒಟ್ಟುಗೂಡಿಸಿ ತೋರಿಸುವ ಕೋಷ್ಟಕ) ಕೈಗೆ ಬರಲಿ. ವಿ ಲುಕಪ್‌ನಲ್ಲಿ ಹುಡುಕುವ ಕಾಲಂ ಎಡತುದಿಯಲ್ಲಿರಬೇಕು, ಕೊನೆಗೆ ಫಾಲ್ಸ್ ಹಾಕಿದರೆ ಸರಿಯಾಗಿ ಹೊಂದುವುದನ್ನು ಮಾತ್ರ ತರುತ್ತದೆ. ನಂಬರ್ ಕಣ್ಣಿಗೆ ಕಾಣುತ್ತಿದ್ದರೂ ಉತ್ತರ ಬರದಿದ್ದರೆ, ಒಂದು ಕಡೆ ಅದು ಟೆಕ್ಸ್ಟ್ ಆಗಿ ಕೂತಿದೆಯಾ ನೋಡಿ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಅಂತ ಬರೆದಿದ್ದರೂ ಅಷ್ಟೇ. ವೆಂಡರ್ ಲೆಡ್ಜರ್ ಯಾವ ಗ್ರೂಪ್‌ನಲ್ಲಿ ತೆರೆಯುತ್ತೀರಿ ಎಂದರೆ ಸಂಡ್ರಿ ಕ್ರೆಡಿಟರ್ಸ್ (ನಾವು ದುಡ್ಡು ಕೊಡಬೇಕಾದವರು) ಎಂದು ತಟ್ಟನೆ ಬರಬೇಕು. ಮುಟ್ಟಿ ನೋಡದ್ದನ್ನು ರೆಸ್ಯೂಮೆಯಿಂದ ಇವತ್ತೇ ತೆಗೆದುಬಿಡಿ.

‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ಗೆ ಅಪ್ಪ ಅಮ್ಮನ ಹೆಸರು, ಹವ್ಯಾಸ ಬೇಡ. ಏನು ಓದಿದ್ದೀರಿ, ಯಾವ ವಿಷಯ ಇಷ್ಟ, ಕೈಯಾರೆ ಏನು ಮಾಡಿದ್ದೀರಿ, ಈ ಕೆಲಸ ಯಾಕೆ. ನಾಲ್ಕೈದು ವಾಕ್ಯ ಸಾಕು. ಉರು ಹೊಡೆಯಬೇಡಿ, ಒಂದು ಪದ ಮರೆತರೆ ಎಲ್ಲ ನಿಂತುಹೋಗುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಯಾರೂ ತಪ್ಪು ತಿಳಿಯಲ್ಲ. ಮುಂದೆ ಇಂಗ್ಲಿಷ್ ಬೇಕೇ ಬೇಕು, ವೆಂಡರ್‌ಗಳಿಗೆ ಮೇಲ್ ಬರೆಯಬೇಕು, ಫೋನಿನಲ್ಲಿ ಮಾತಾಡಬೇಕು. ಅದು ಕೆಲಸ ಮಾಡುತ್ತಾ ಬರುತ್ತದೆ. ನಮ್ಮ ಟೀಮ್‌ನಲ್ಲೇ ಹಾಗೆ ಕಲಿತವರಿದ್ದಾರೆ.

ಬರುವ ದಾರಿ ಈಗ ಸುಲಭ. ತುಮಕೂರು ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೆ ಬರಬೇಕಿಲ್ಲ. ಮಾದಾವರ ಅಥವಾ ನಾಗಸಂದ್ರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ. 2025ರ ಆಗಸ್ಟ್‌ನಲ್ಲಿ ಶುರುವಾದ ಈ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಹೋಗುತ್ತದೆ, ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪುತ್ತದೆ. ಆಫೀಸ್ ಯಾವ ಫೇಸ್‌ನಲ್ಲಿದೆ ಎಂದು ಮೊದಲೇ ನೋಡಿಕೊಂಡು ಇಳಿಯುವ ಸ್ಟೇಷನ್ ಗೊತ್ತುಮಾಡಿಕೊಳ್ಳಿ.

ಇಂಟರ್‌ವ್ಯೂಗೆ, ಟ್ರೈನಿಂಗ್‌ಗೆ, ಲ್ಯಾಪ್‌ಟಾಪ್‌ಗೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಲೇಬೇಡಿ. ಒಳ್ಳೆಯ ಕಂಪನಿ ಕೇಳಲ್ಲ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ತೋರಿಸಿ, ಅಲ್ಲಿ ಬಿಟ್ಟು ಬರಬೇಡಿ.

ಕೊನೆಗೆ ನಿಮ್ಮ ಪ್ರಶ್ನೆ ಏನಾದರೂ ಇದೆಯಾ ಎನ್ನುತ್ತಾರೆ. ಯಾವ ದೇಶದ ಪ್ರೊಸೆಸ್ (ಅಂದರೆ ಯಾವ ದೇಶದ ಲೆಕ್ಕದ ಕೆಲಸ), ಶಿಫ್ಟ್ ಯಾವುದು, ರಾತ್ರಿ ಆದರೆ ಕ್ಯಾಬ್ ಇದೆಯಾ ಎಂದು ಸಂಕೋಚ ಇಲ್ಲದೆ ಕೇಳಿ. ಅಮೆರಿಕದ ಪ್ರೊಸೆಸ್ ಆದರೆ ಸಂಜೆಯ ಅಥವಾ ರಾತ್ರಿಯ ಶಿಫ್ಟ್ ಇರಬಹುದು, ಕೆಲಸದಲ್ಲಿ ಜಿಎಸ್‌ಟಿ ಬದಲು ಸೇಲ್ಸ್ ಟ್ಯಾಕ್ಸ್ ಬರುತ್ತದೆ. ಯುರೋಪ್ ಆದರೆ ಜಿಎಸ್‌ಟಿಯಂಥದ್ದೇ ತೆರಿಗೆ, ವ್ಯಾಟ್. ಬಂದ ಮೇಲ್‌ನಲ್ಲಿ ದೇಶದ ಹೆಸರಿದ್ದರೆ ಇಲ್ಲಿ ತಿಳಿಸಿ, ಅದಕ್ಕೆ ಏನೇನು ನೋಡಿಕೊಳ್ಳಬೇಕು ಎಂದು ಬರೆಯುತ್ತೇನೆ.