ಪಾರಂಪರಿಕ ಪಟ್ಟಿಗೆ ಸೇರಿದರೆ ತಾತನ ಮನೆ ಕೈತಪ್ಪುತ್ತಾ?

ನೀವು ಕೇಳಿರುವುದು ಇಷ್ಟು: ಮೈಸೂರಿನಲ್ಲಿ ತಾತ ಕಟ್ಟಿಸಿದ ಮನೆ ಇದೆ, ಅದು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರುತ್ತೆ ಅಂತ ಯಾರೋ ಹೇಳಿದ್ದಾರೆ. ಸೇರಿದರೆ ಒಂದು ಹೆಂಚು ಬದಲಾಯಿಸೋಕೂ ಸರ್ಕಾರವನ್ನು ಕೇಳಬೇಕಾ? ಸರ್ಕಾರದ ಮಾರುಕಟ್ಟೆಯೇ ಕುಸಿದು ಬೀಳುವಾಗ ನಮಗೆ ಮಾತ್ರ ಯಾಕೆ ಈ ನಿಯಮ?

ನಾನು ವಕೀಲನಲ್ಲ, ಎಂಜಿನಿಯರ್ ಕೂಡ ಅಲ್ಲ. ಇಂಥದ್ದೇ ಒಂದು ಹಳೇ ಮನೆಯನ್ನು ರಿಪೇರಿ ಮಾಡಿಸಿ ಕೈ ಸುಟ್ಟುಕೊಂಡವನು. ಆ ಅನುಭವದ ಮೇಲೆ ಹೇಳುತ್ತೇನೆ.

ಮೊದಲು ಸಮಾಧಾನ ಮಾಡಿಕೊಳ್ಳಿ. ಮನೆ ನಿಮ್ಮದೇ. ಖಾತೆ ನಿಮ್ಮ ಹೆಸರಲ್ಲೇ ಇರುತ್ತದೆ, ಕಂದಾಯವನ್ನೂ ನೀವೇ ಕಟ್ಟಬೇಕು. ಮಾರಬಹುದು, ಬಾಡಿಗೆಗೆ ಕೊಡಬಹುದು, ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಜಗಳವನ್ನೂ ಆಡಬಹುದು. ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾರೂ ಬಂದು ಬೀಗ ಹಾಕಲ್ಲ.

ನಿಮ್ಮ ಕಿವಿಗೆ ಬಿದ್ದಿರುವ ಹೆದರಿಕೆಯ ಕಥೆಗಳು ಬಹುಶಃ ಬೇರೆ ಕಾನೂನಿನವು. ಶ್ರೀರಂಗಪಟ್ಟಣದಲ್ಲಿ ಕೋಟೆಯೊಳಗೆ ಮನೆ ಇರುವವರನ್ನು ಕೇಳಿ ನೋಡಿ, ಒಂದೊಂದು ಮನೆಯದ್ದೂ ಒಂದೊಂದು ಪುರಾಣ. ಅಲ್ಲಿ ಕೇಂದ್ರ ಸರ್ಕಾರ ರಕ್ಷಿಸುವ ಸ್ಮಾರಕಗಳಿವೆ. ಆ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. ಅದಕ್ಕೆ 2010ರಲ್ಲಿ ತಿದ್ದುಪಡಿ ಬಂತು. ಸ್ಮಾರಕದ ಸುತ್ತ 100 ಮೀಟರ್‌ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ತಗೊಂಡು ಕಟ್ಟಬೇಕು. ಇರುವ ಮನೆಯ ರಿಪೇರಿಗೂ ಅರ್ಜಿ ಹಾಕಬೇಕು. ಕಷ್ಟ ನಿಜವೇ. ಆದರೆ ನಿಮ್ಮ ಮನೆ ಸ್ಮಾರಕವೂ ಅಲ್ಲ, ಸ್ಮಾರಕದ ಪಕ್ಕದಲ್ಲೂ ಇಲ್ಲ ಅಂತ ನೀವೇ ಬರೆದಿದ್ದೀರಿ. ರಾಜ್ಯದ್ದೇ ಒಂದು ಸ್ಮಾರಕ ಕಾಯ್ದೆ ಇದೆ, 1961ರದ್ದು. ಅದೂ ನಿಮಗೆ ತಗಲುವುದಿಲ್ಲ.

ನಿಮ್ಮದು ಮೂರನೇ ಬಗೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಅದರಡಿ ಬರುವ ಮಾಸ್ಟರ್ ಪ್ಲಾನ್, ಅದರೊಳಗಿನ ಪಾರಂಪರಿಕ ನಿಯಮಗಳು. ಇಲ್ಲಿ ತೀರ್ಮಾನ ಆಗುವುದು ಊರಿನ ಮಟ್ಟದಲ್ಲೇ: ಪಾಲಿಕೆ, ನಗರಾಭಿವೃದ್ಧಿ ಪ್ರಾಧಿಕಾರ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪಾರಂಪರಿಕ ಸಮಿತಿ. ಇಂಥ ನಿಯಮದಲ್ಲಿ ಮುಂಬೈ ನಮಗಿಂತ ಬಹಳ ಮುಂದೆ. ಅಲ್ಲಿ 1995ರಲ್ಲೇ ಜಾರಿಗೆ ತಂದು ಕಟ್ಟಡಗಳಿಗೆ ಒಂದು, ಎರಡು, ಮೂರು ಅಂತ ದರ್ಜೆ ಕೊಟ್ಟರು. ಮೊದಲ ದರ್ಜೆಯ ಕಟ್ಟಡವನ್ನು ಮುಟ್ಟುವುದೇ ಕಷ್ಟ. ಮೂರನೇ ದರ್ಜೆಯದ್ದಾದರೆ ಸಡಿಲಿಕೆ ಜಾಸ್ತಿ. ನಿಮ್ಮ ಮನೆಯ ವಿಷಯದಲ್ಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಪಟ್ಟಿಗೆ ಸೇರಿದೆಯಾ ಅನ್ನುವುದಕ್ಕಿಂತ ಯಾವ ದರ್ಜೆಯಲ್ಲಿ ಸೇರಿದೆ?

ಈ ಸಮಿತಿಗಳ ಕಣ್ಣು ಸಾಮಾನ್ಯವಾಗಿ ಇರುವುದು ಕೆಡವುವುದರ ಮೇಲೆ, ಮಹಡಿ ಏರಿಸುವುದರ ಮೇಲೆ, ರಸ್ತೆಗೆ ಕಾಣುವ ಮುಖ ಬದಲಾಯಿಸುವುದರ ಮೇಲೆ. ಒಡೆದ ಹೆಂಚು ತೆಗೆದು ಅದೇ ತರದ ಹೆಂಚು ಹಾಕಿದರೆ ಯಾರೂ ಏಣಿ ಹಾಕಿಕೊಂಡು ಎಣಿಸೋಕೆ ಬರಲ್ಲ. ಮುಂದಿನ ಜಗಲಿ ಒಡೆದು ಶಟರ್ ಅಂಗಡಿ ಮಾಡುತ್ತೀನಿ ಅಂದರೆ ಬರುತ್ತಾರೆ. ಬರಲಿ ಬಿಡಿ.

ಈಗ ನನ್ನ ಕಥೆ. ನಮ್ಮದೂ ತೊಟ್ಟಿ ಮನೆ, ಮೇಲೆ ಮದ್ರಾಸ್ ತಾರಸಿ. ಅಂದರೆ ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಜೋಡಿಸಿ, ಸುಣ್ಣದ ಗಾರೆ ತುಂಬಿದ ಸೂರು. ಎಂಬತ್ತರ ದಶಕದಲ್ಲಿ ಎಲ್ಲೋ ಒಂದು ಕಡೆ ಸೋರೋಕೆ ಶುರುವಾಯಿತು. ಅಪ್ಪ ಮೇಸ್ತ್ರಿ ಒಬ್ಬರನ್ನು ಕರೆಸಿದರು. ಆತ ಸುಮ್ನೆ ಮೇಲೆ ಎರಡಿಂಚು ಸಿಮೆಂಟ್ ಎಳೆದು, "ಇನ್ನು ಮೂವತ್ತು ವರ್ಷ ತಿರುಗಿ ನೋಡಬೇಡಿ ಸಾರ್" ಅಂದ. ನಾವೂ ತಿರುಗಿ ನೋಡಲಿಲ್ಲ, ಅದೇ ತಪ್ಪಾಯಿತು.

ಸುಣ್ಣದ ಗಾರೆ ಒದ್ದೆಯಾಗುತ್ತದೆ, ಬಿಸಿಲಿಗೆ ಆರುತ್ತದೆ. ಅದು ಉಸಿರಾಡುತ್ತೆ ಅನ್ನುತ್ತಾರೆ ಹಳೇ ಗಾರೆ ಕೆಲಸದವರು. ಅದರ ಮೇಲೆ ಸಿಮೆಂಟ್ ಮುಚ್ಚಳ ಹಾಕಿದರೆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಆದರೆ ಹೊರಗೆ ಬರಲು ದಾರಿ ಇರಲ್ಲ. ಆ ನೀರು ನಿಧಾನಕ್ಕೆ ತೊಲೆಯ ತುದಿಗೆ, ಅದು ಗೋಡೆಯೊಳಗೆ ಕೂತಿರುವ ಜಾಗಕ್ಕೆ ಇಳಿಯುತ್ತದೆ. ನಡುಮನೆಯಲ್ಲಿ ನಿಂತು ನೋಡಿದರೆ ತೊಲೆ ಕರ್ರಗೆ, ಗಟ್ಟಿಯಾಗಿ ಕಾಣುತ್ತದೆ. ಗೋಡೆಯೊಳಗಿನ ಒಂದಡಿ ಮಾತ್ರ ಪುಡಿಯಾಗಿರುತ್ತದೆ. ಒಂದು ಮಳೆಗಾಲದ ರಾತ್ರಿ ನಮ್ಮ ಹಿಂದಿನ ಕೋಣೆಯ ಮೂಲೆ ಕುಸಿಯಿತು. ಅಮ್ಮ ಆ ರಾತ್ರಿ ಮುಂದಿನ ಕೋಣೆಯಲ್ಲಿ ಮಲಗಿದ್ದರು, ಅಷ್ಟೇ ಪುಣ್ಯ.

ನೋಡಲು ಬಂದ ಹತ್ತು ಜನರಲ್ಲಿ ಒಂಬತ್ತು ಜನ "ಎಲ್ಲಾ ಕೆಡವಿ ಆರ್‌ಸಿಸಿ ಹಾಕಿಸಿ" ಅಂದರು. ಹತ್ತನೆಯವರು ವಯಸ್ಸಾದ ಗಾರೆ ಕೆಲಸದವರು. ಅವರು ಮೇಲೆ ಹತ್ತಿ, ಸಿಮೆಂಟನ್ನು ಚಾಣದಿಂದ ಎಬ್ಬಿಸಿ, ಕೆಳಗಿನ ಗಾರೆಯನ್ನು ಉಗುರಿನಲ್ಲಿ ಕೆರೆದು ನೋಡಿ, "ಇದು ಸರಿಯಾಗೇ ಇದೆ ಬುದ್ಧಿ, ನೀವೇ ಉಸಿರು ಕಟ್ಟಿಸಿದೀರಿ" ಅಂದರು. ನಾಲ್ಕು ತೊಲೆ ಬದಲಾಯಿಸಿದೆವು. ಸುಣ್ಣ ಅರಳಿಸಿ, ಮರಳು ಬೆರೆಸಿ, ಇಟ್ಟಿಗೆ ಚೂರು ಹಾಕಿ, ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಚಿಮುಕಿಸುತ್ತಾ ಮರದ ಹಲಗೆಯಿಂದ ದಿನಗಟ್ಟಲೆ ಬಡಿದರು. ಬೀದಿಯವರಿಗೆಲ್ಲಾ ತಲೆನೋವು. ಕೈಗೆ ಅಂಟದಷ್ಟು ಗಟ್ಟಿಯಾದ ಮೇಲೇ ನಿಲ್ಲಿಸಿದ್ದು.

ಇದನ್ನೆಲ್ಲಾ ಯಾಕೆ ಹೇಳಿದೆ ಅಂದರೆ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಲ್ಯಾನ್ಸ್‌ಡೌನ್ ಕಟ್ಟಡವನ್ನು ತಗೊಳ್ಳಿ. ವೈಸರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿದ್ದು. ನಮ್ಮ ಕಾಲೇಜಿನ ಹಳೇ ಪುಸ್ತಕಗಳೆಲ್ಲಾ ಅಲ್ಲಿನ ಅಂಗಡಿಗಳಿಂದಲೇ ಬಂದವು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಸೂರಿನ ಮೇಲೆ ಗಿಡ ಬೆಳೆದದ್ದು, ನೀರು ಇಳಿದದ್ದು ಕೆಳಗೆ ಓಡಾಡುವ ಎಲ್ಲರಿಗೂ ಕಾಣುತ್ತಿತ್ತು. ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಬಿತ್ತು. ಅದೂ ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ! ಆಮೇಲೆ ಶುರುವಾದ ವಾದ ನಿಮಗೆ ಗೊತ್ತೇ ಇದೆ. ಪೂರ್ತಿ ಕೆಡವಿ ಹಳೇ ರೂಪದಲ್ಲೇ ಹೊಸದು ಕಟ್ಟೋಣ ಅನ್ನುವವರು ಒಂದು ಕಡೆ. ಉಳಿದದ್ದನ್ನು ಗಟ್ಟಿ ಮಾಡಿ ಉಳಿಸೋಣ ಅನ್ನುವ ಪಾರಂಪರಿಕ ತಜ್ಞರು, ರಾಜಮನೆತನದವರು ಇನ್ನೊಂದು ಕಡೆ. ವಿಷಯ ಹೈಕೋರ್ಟ್‌ವರೆಗೂ ಹೋಯಿತು. ನಡುವೆ ಹೂವು, ಅರಿಶಿನ ಕುಂಕುಮ, ನಂಜನಗೂಡು ರಸಬಾಳೆ ಮಾರುವವರು ಯಾವಾಗ ಏನಾಗುತ್ತೋ ಅಂತ ಕೂತರು.

ನನ್ನ ಅಭಿಪ್ರಾಯ ಕೇಳಿದರೆ, "ಹಳೇ ರೂಪದಲ್ಲೇ ಹೊಸದು" ಅನ್ನುವುದು ಮಾತಿನ ಚಮತ್ಕಾರ. ನಮ್ಮ ಅಜ್ಜಿಯ ಸೀರೆಯಂಥದ್ದೇ ಹೊಸ ಸೀರೆ ತಂದುಕೊಟ್ಟರೆ ಅದು ಚೆನ್ನಾಗಿರಬಹುದು, ಅಜ್ಜಿಯದಂತೂ ಅಲ್ಲ. ಆದರೆ ವ್ಯಾಪಾರಿಗಳ ಭಯವನ್ನು ನಾನು ತಳ್ಳಿಹಾಕಲ್ಲ. ತಲೆ ಮೇಲಿನ ಸೂರು ನಂಬೋಕಾಗದಿದ್ದರೆ ಯಾರಿಗೆ ಬೇಕು ಪರಂಪರೆ?

ಸರ್ಕಾರದವರೇ ಪಾಲಿಸದ್ದನ್ನು ನಾವ್ಯಾಕೆ ಪಾಲಿಸಬೇಕು ಅನ್ನುವ ನಿಮ್ಮ ಸಿಟ್ಟು ಸರಿಯೇ. ಈ ವ್ಯವಸ್ಥೆಯ ನಿಜವಾದ ಕೊರತೆ ನಿಯಮ ಜಾಸ್ತಿ ಅನ್ನೋದಲ್ಲ. ಕೆಡವಬೇಡ ಅಂತ ಹೇಳುವವರು ಇದ್ದಾರೆ, ಸೋರುವ ಸೂರಿಗೆ ಕಾಸು ಕೊಡುವವರು ಸಿಗಲ್ಲ. ನಮ್ಮ ನಾಲ್ಕು ತೊಲೆ, ಗಾರೆ, ಕೂಲಿ ಎಲ್ಲಾ ನಮ್ಮ ಜೇಬಿನಿಂದಲೇ ಹೋಯಿತು. ಆದರೂ ಹತ್ತರಲ್ಲಿ ಒಂಬತ್ತು ಜನ ಹೇಳಿದಂತೆ ಕೆಡವಿ ಕಟ್ಟಿದ್ದರೆ ಅದರ ಎಷ್ಟೋ ಪಟ್ಟು ಆಗುತ್ತಿತ್ತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರವೇ ಮನೆಯ ಎಲ್ಲಾ ಮೂಲೆಯ ಫೋಟೋ ತೆಗೆದಿಡುತ್ತಿದ್ದೆ, ತಾರೀಖಿನ ಜೊತೆ. ಹಳೇ ಖಾತೆ, ಕ್ರಯಪತ್ರ, ನಕ್ಷೆ ಸಿಕ್ಕಿದರೆ ಅದೂ ಒಂದು ಫೈಲಿನಲ್ಲಿ. ಮುಂದೆ ಸಮಿತಿ ಮುಂದೆ ಹೋಗುವಾಗ "ಇದು ಮೊದಲಿಂದ ಹೀಗೇ ಇತ್ತು" ಅನ್ನೋಕೆ ಬಾಯಿಮಾತು ಸಾಲದು. ಪಟ್ಟಿಗೆ ಸೇರಿಸುವ ಬಗ್ಗೆ ಆಕ್ಷೇಪಣೆ ಕರೆದರೆ ಸುಮ್ಮನಿರಬೇಡಿ, ಬರವಣಿಗೆಯಲ್ಲಿ ಕೊಡಿ. ಮುಂಭಾಗ ಉಳಿಸಿಕೊಂಡು ಹಿಂದುಗಡೆ ಅಡುಗೆಮನೆ, ಬಚ್ಚಲು ಹೊಸದು ಮಾಡಬೇಕು ಅಂತಿದ್ದರೆ ಅದನ್ನು ಈಗಲೇ ಹೇಳಿ. ನಕ್ಷೆ ಹಿಡಿದು ಮೊದಲೇ ಹೋದವರ ಜೊತೆ ಮಾತುಕತೆ ಸುಲಭ. ಅರ್ಧ ಗೋಡೆ ಒಡೆದ ಮೇಲೆ ನೋಟಿಸ್ ಬಂದರೆ ಎರಡೂ ಕಡೆಯವರಿಗೆ ಬಿಸಿಯೇ.

ಎಂಜಿನಿಯರ್ ಹುಡುಕುವಾಗ ಒಂದೇ ಪ್ರಶ್ನೆ ಕೇಳಿ: ಸುಣ್ಣದ ಗಾರೆಯಲ್ಲಿ ಕೆಲಸ ಮಾಡಿಸಿದ್ದೀರಾ? ಅವರು ನಕ್ಕು ಸಿಮೆಂಟ್ ಕಂಪನಿಯ ಹೆಸರು ಹೇಳಿದರೆ ಕಾಫಿ ಕೊಟ್ಟು ಕಳಿಸಿ.

ಆಮೇಲೆ ತಾರಸಿಗೆ ಹತ್ತಿ ನೋಡಿ. ಗೋಡೆ ಬಿರುಕಿನಲ್ಲಿ ಅರಳಿ ಸಸಿ ಇದ್ದರೆ ಬೇರು ಸಮೇತ ಕೀಳಿಸಿ. ಎಲೆ ತುಂಬಿದ ನೀರಿನ ಕೊಳವೆ ಬಿಡಿಸಿ. ಕೆಳಗೆ ಬಂದು, ಸ್ಟೂಲ್ ಹಾಕಿಕೊಂಡು, ಪ್ರತಿ ತೊಲೆಯನ್ನೂ ಗೋಡೆ ಸೇರುವ ತುದಿಯಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಮರ ಠಣ್ ಅನ್ನುತ್ತದೆ. ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಅಂದರೆ ಆ ಕೋಣೆಯಲ್ಲಿ ಇವತ್ತು ರಾತ್ರಿ ಯಾರೂ ಮಲಗಬೇಡಿ.