ಬೇಸ್‌ಮೆಂಟ್ ಗೋಡೆಗೆ ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರೆ ಸಾಕಾ?

ಸಾಕಾಗುವುದಿಲ್ಲ. ಮಳೆ ಬಂದಾಗಲೆಲ್ಲ ಗೋಡೆಯ ಬುಡ ಒದ್ದೆಯಾಗುತ್ತದೆ, ಬಿಳಿ ಪುಡಿ ಏಳುತ್ತದೆ ಎಂದಿದ್ದೀರಿ. ಆ ಪುಡಿ ನೀರಿನ ಜೊತೆ ಗೋಡೆಯೊಳಗಿಂದ ಬಂದ ಉಪ್ಪು. ಅಂದರೆ ನೀರು ಗೋಡೆ ದಾಟಿ ಬರುತ್ತಿದೆ. ಗೋಡೆಯಾಚೆ ಮಣ್ಣಿನಲ್ಲಿ 1 ಮೀಟರ್ ನೀರು ನಿಂತರೆ ಬುಡದಲ್ಲಿ ಚದರ ಮೀಟರಿಗೆ ಸುಮಾರು 1 ಟನ್ ಒತ್ತಡ ಬೀಳುತ್ತದೆ. ಒಳಗೆ ಬಳಿದ ಪೇಂಟ್ ಅದನ್ನು ಎಷ್ಟು ದಿನ ತಡೆದೀತು? ಗುಳ್ಳೆ ಎದ್ದು ಉದುರುತ್ತದೆ ಅಷ್ಟೇ.

ನಾನಾದರೆ ಮೊದಲು ತಾರಸಿ ನೋಡುತ್ತೇನೆ. ನಗಬೇಡಿ. 100 ಚದರ ಮೀಟರ್ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5000 ಲೀಟರ್ ನೀರು, ಅದು ಪೂರ್ತಿ ಒಂದೆರಡು ಪೈಪಿನಲ್ಲಿ ಇಳಿದು ಗೋಡೆಯ ಪಕ್ಕದಲ್ಲೇ ಸುರಿದರೆ ಬೇಸ್‌ಮೆಂಟ್ ಒದ್ದೆಯಾಗದೆ ಇನ್ನೇನಾಗುತ್ತದೆ? ಆ ಪೈಪನ್ನು 2 ಮೀಟರ್ ಆಚೆಗಾದರೂ ಒಯ್ಯಿರಿ. ಗೋಡೆಯ ಸುತ್ತ ಮಣ್ಣು ತಗ್ಗಾಗಿದ್ದರೆ ತುಂಬಿಸಿ. ಗೋಡೆಯಿಂದ 3 ಮೀಟರ್ ದೂರ ಹೋಗುವಷ್ಟರಲ್ಲಿ ನೆಲ 15 ಸೆಂಟಿಮೀಟರ್ ಇಳಿದಿರಬೇಕು. ಗೋಡೆಗೆ ತಾಗಿದ ಹೂವಿನ ಪಾತಿಗೆ ದಿನಾ ನೀರು ಹಾಯಿಸುತ್ತಿದ್ದರೆ ಅದನ್ನೂ ನಿಲ್ಲಿಸಿ. ಖರ್ಚು ಕಡಿಮೆಯಾದ ಕೆಲಸ ಇವೇ, ಆದರೆ ಕಾಂಟ್ರಾಕ್ಟರ್‌ಗಳು ಇದನ್ನು ಮೊದಲು ಹೇಳುವುದು ಅಪರೂಪ.

ಮಳೆಯಿಲ್ಲದಾಗಲೂ ಒದ್ದೆ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ ನೀರಿದ್ದರೆ ಗೋಡೆಯಿಂದ ಬಂದದ್ದು, ಮುಂದಿದ್ದರೆ ಗಾಳಿಯ ತೇವ.

ಇಷ್ಟಾದರೂ ನೆಲದಿಂದ ನೀರು ಉಕ್ಕಿದರೆ ಅಂತರ್ಜಲ ಮೇಲಿದೆ ಅಂತ ಲೆಕ್ಕ. ಆಗ ನೆಲದಲ್ಲಿ ಗುಂಡಿ ತೋಡಿ, ಅಲ್ಲಿ ಸೇರುವ ನೀರನ್ನು ಹೊರಗೆ ಹಾಕುವ ಸಂಪ್ ಪಂಪ್ ಕೂರಿಸಬೇಕು, ಬ್ಯಾಟರಿ ಬ್ಯಾಕಪ್ ಸಮೇತ. ಜೋರು ಮಳೆಯಲ್ಲೇ ಕರೆಂಟ್ ಹೋಗುವುದು, ಅಲ್ವಾ?

ನೀರು ಈಗಾಗಲೇ ನುಗ್ಗಿದ್ದರೆ ಕರೆಂಟ್ ಕಡಿತವಾಗಿದೆ ಎಂದು ಖಾತ್ರಿಯಾಗುವ ತನಕ ಕಾಲಿಡಬೇಡಿ. ಮೇನ್ ಸ್ವಿಚ್ ಕೆಳಗೇ ಇದ್ದರೆ ನೀರಿನಲ್ಲಿ ನಿಂತು ಅದನ್ನು ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಬರಲಿ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಬೇಸ್‌ಮೆಂಟ್ ತುಂಬಾ ನೀರಿದ್ದು ಹೊರಗಿನ ಮಣ್ಣೂ ನೆನೆದಿದ್ದರೆ ಒಂದೇ ಸಲಕ್ಕೆ ಖಾಲಿ ಮಾಡಬಾರದು, ಒಳಗಿನ ನೀರು ಗೋಡೆಗೆ ಕೊಡುತ್ತಿದ್ದ ಆಸರೆ ತಪ್ಪಿ ಹೊರಗಿನ ಒತ್ತಡಕ್ಕೆ ಗೋಡೆಯೇ ಒಳಕ್ಕೆ ಕುಸಿಯಬಹುದು. ದಿನಕ್ಕೆ ಮೂರನೇ ಒಂದು ಭಾಗದಂತೆ ತೆಗೆಯಿರಿ. ಸ್ವಲ್ಪ ನೀರಾದರೆ ಈ ಚಿಂತೆ ಬೇಡ, ಬೇಗ ತೆಗೆದು ಫ್ಯಾನ್ ಹಾಕಿ ಒಣಗಿಸಿ, ಏಕೆಂದರೆ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ನೆನೆದ ರಟ್ಟು, ಹಾಸಿಗೆ ಉಳಿಸಿಕೊಳ್ಳಲು ಒದ್ದಾಡಬೇಡಿ. ಚರಂಡಿ ನೀರು ಸೇರಿದ್ದರಂತೂ ಬಿಸಾಕಿಬಿಡಿ.

ಗೋಡೆಯಲ್ಲಿ ಅಡ್ಡಡ್ಡ ಬಿರುಕು ಓಡಿದ್ದರೆ, ಅಥವಾ ಗೋಡೆ ಒಳಕ್ಕೆ ಉಬ್ಬಿದಂತೆ ಕಂಡರೆ ನೀರಿನ ಮಾತು ಆಮೇಲೆ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.